ಬಯೋಸ್ ಮೆನುವಿನಲ್ಲಿ ದಾರಿ ತಪ್ಪಿದಾಗ: ಸಿಗದ, ಮಸುಕಾದ, ಉಳಿಯದ ಸೆಟ್ಟಿಂಗ್‌ಗಳ ದೋಷ ನಿವಾರಣೆ

ಬಯೋಸ್ ಸೆಟಪ್ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ನಾಲ್ಕೇ ಬಗೆ. ಒಳಗೆ ಹೋಗಲು ಆಗುತ್ತಿಲ್ಲ. ಹೋದರೆ ಬೇಕಾದ ಆಯ್ಕೆ ಸಿಗುತ್ತಿಲ್ಲ. ಸಿಕ್ಕರೂ ಮಸುಕಾಗಿದೆ, ಬದಲಾಗುವುದಿಲ್ಲ. ಬದಲಾಯಿಸಿದರೆ ಉಳಿಯುವುದಿಲ್ಲ. ಮದರ್‌ಬೋರ್ಡ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಜನ ಬೇಗ ಬಂದುಬಿಡುತ್ತಾರೆ. ಈ ನಾಲ್ಕರಲ್ಲೂ ಹಾರ್ಡ್‌ವೇರನ್ನು ಅನುಮಾನಿಸಬೇಕಾದದ್ದು ಕೊನೆಗೆ. ಮೆನುವಿನ ಒಂದೊಂದು ಸಾಲಿನ ಹಿಂದೆಯೂ ಒಂದು ಷರತ್ತು ಇರಬಹುದು, ಆ ಷರತ್ತನ್ನು ಮೆನು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಹೊರಗೆಳೆಯುವ ಕ್ರಮ ಇಲ್ಲಿದೆ. ಇಂದಿನ ಯಂತ್ರಗಳಲ್ಲಿರುವುದು ಯುಇಎಫ್‌ಐ ಫರ್ಮ್‌ವೇರ್, ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶ. ಮಾತಿನಲ್ಲಿ ಬಯೋಸ್ ಎಂಬ ಹಳೆಯ ಹೆಸರೇ ಉಳಿದಿರುವುದರಿಂದ ಇಲ್ಲೂ ಅದನ್ನೇ ಬಳಸಿದೆ.

ಕೈ ಹಾಕುವ ಮುನ್ನ

ಮೊದಲು ಡಿಸ್ಕ್ ಎನ್‌ಕ್ರಿಪ್ಶನ್ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದ್ದರೆ, ಡಿಸ್ಕ್ ತೆರೆಯುವ ಕೀಲಿ ಟಿಪಿಎಂ ಚಿಪ್‌ನ ವಶದಲ್ಲಿರುತ್ತದೆ. ಫರ್ಮ್‌ವೇರ್ ಸ್ಥಿತಿ, ಅದರಲ್ಲೂ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಸ್ಥಿತಿ ಬದಲಾದರೆ ಟಿಪಿಎಂ ಆ ಕೀಲಿಯನ್ನು ಬಿಟ್ಟುಕೊಡುವುದಿಲ್ಲ; ಮುಂದಿನ ಬಾರಿ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಕೈಯಲ್ಲಿಲ್ಲದಿದ್ದರೆ ಡೇಟಾ ಹೋದಂತೆಯೇ. ಆದ್ದರಿಂದ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಂಡು, ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿದು, ಆಮೇಲೆ ಬಯೋಸ್‌ಗೆ ಹೋಗಿ. ಟಿಪಿಎಂ ಕ್ಲಿಯರ್ ಎಂಬ ಸಾಲು ಮೆನುವಿನಲ್ಲಿ ಕಂಡರೆ, ರಿಕವರಿ ಕೀ ಇಲ್ಲದೆ ಅದನ್ನು ಮುಟ್ಟಲೇಬೇಡಿ.

ಎರಡನೆಯದು, ಈಗಿರುವ ಸ್ಥಿತಿಯ ಚಿತ್ರ. ಏಸಸ್, ಎಂಎಸ್‌ಐ, ಗಿಗಾಬೈಟ್, ಆಸ್‌ರಾಕ್ ಬೋರ್ಡ್‌ಗಳಲ್ಲಿ ಎಫ್ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಚುಚ್ಚಿ ಎಫ್12 ಒತ್ತಿದರೆ ಸ್ಕ್ರೀನ್‌ಶಾಟ್ ಅದರಲ್ಲಿ ಉಳಿಯುತ್ತದೆ. ಲ್ಯಾಪ್‌ಟಾಪ್ ಆದರೆ ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಕು. ಎನೇಬಲ್ಡ್, ಡಿಸೇಬಲ್ಡ್ ಎಂಬ ಪದ ಸ್ಪಷ್ಟವಾಗಿ ಓದುವಂತಿರಲಿ, ಮೊದಲ ಪುಟದಲ್ಲಿರುವ ಫರ್ಮ್‌ವೇರ್ ಆವೃತ್ತಿಯೂ ಬರಲಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ಸೇವ್ ಮಾಡಿ, ಯಂತ್ರ ಪೂರ್ತಿ ಬೂಟ್ ಆಗುವುದನ್ನು ನೋಡಿ. ಐದು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದವರಿಗೆ ಯಾವುದರಿಂದ ಕೆಟ್ಟಿತು ಎಂದು ಪತ್ತೆ ಹಚ್ಚಲು ಇಡೀ ದಿನ ಬೇಕಾಗುತ್ತದೆ.

ಒಳಗೇ ಹೋಗಲಾಗುತ್ತಿಲ್ಲ

ತಪ್ಪು ಕೀ ಒತ್ತುವುದು ಅತಿ ಸಾಮಾನ್ಯ ಕಾರಣ. ಡೆಲ್ ಯಂತ್ರಗಳಲ್ಲಿ ಸೆಟಪ್‌ಗೆ ಎಫ್2, ಬೂಟ್ ಮೆನುಗೆ ಎಫ್12. ಎಚ್‌ಪಿಯಲ್ಲಿ ಎಫ್10 ಮತ್ತು ಎಫ್9. ಎಸ್ಕೇಪ್ ಒತ್ತಿದರೆ ಎರಡನ್ನೂ ತೋರಿಸುವ ಪಟ್ಟಿ ಬರುತ್ತದೆ. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಮತ್ತು ಎಫ್12. ಏಸರ್ ಲ್ಯಾಪ್‌ಟಾಪ್‌ನಲ್ಲಿ ಎಫ್2. ಅಲ್ಲಿನ ಎಫ್12 ಬೂಟ್ ಮೆನು ಕೆಲಸ ಮಾಡಬೇಕಾದರೆ ಸೆಟಪ್‌ನ ಮೇನ್ ಟ್ಯಾಬ್‌ನಲ್ಲಿ ಅದನ್ನು ಎನೇಬಲ್ ಮಾಡಿರಬೇಕು. ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಬಹುಪಾಲು ಡಿಲೀಟ್ ಕೀ. ಬೂಟ್ ಮೆನುಗೆ ಏಸಸ್‌ನಲ್ಲಿ ಎಫ್8, ಎಂಎಸ್‌ಐ ಮತ್ತು ಆಸ್‌ರಾಕ್‌ನಲ್ಲಿ ಎಫ್11, ಗಿಗಾಬೈಟ್‌ನಲ್ಲಿ ಎಫ್12. ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಸಾಲಿನ ಕೀಗಳು ಧ್ವನಿ, ಬೆಳಕು ನಿಯಂತ್ರಿಸಲು ಹೊಂದಿಸಿದ್ದರೆ ಬರಿಯ ಎಫ್2 ಕೆಲಸ ಮಾಡದೆ ಹೋಗಬಹುದು, ಆಗ ಎಫ್‌ಎನ್ ಜೊತೆ ಒತ್ತಿ.

ಪವರ್ ಬಟನ್ ಒತ್ತಿದ ಕೂಡಲೇ ಕೀಯನ್ನು ಸೆಕೆಂಡಿಗೆ ಒಂದೆರಡು ಬಾರಿಯಂತೆ ತಟ್ಟುತ್ತಾ ಇರಿ. ಒತ್ತಿಹಿಡಿದರೆ ಕೆಲವು ಯಂತ್ರಗಳು ಕೀ ಸಿಕ್ಕಿಹಾಕಿಕೊಂಡಿದೆ ಎಂದು ದೋಷ ತೋರಿಸುತ್ತವೆ. ಲೋಗೋ ಕಾಣಲಿ ಎಂದು ಕಾದು ಕೂರಬೇಡಿ. ಮಾನಿಟರ್ ನಿದ್ದೆಯಿಂದ ಏಳಲು ತೆಗೆದುಕೊಳ್ಳುವ ಸಮಯದಲ್ಲೇ ಕೀ ಒತ್ತುವ ಅವಕಾಶ ಮುಗಿದಿರುತ್ತದೆ.

ಇಷ್ಟಾದರೂ ಯಂತ್ರ ನೇರವಾಗಿ ವಿಂಡೋಸ್‌ಗೇ ಹೋಗುತ್ತಿದ್ದರೆ ಕೀ ಜೊತೆ ಗುದ್ದಾಡುವುದನ್ನು ಬಿಡಿ, ವಿಂಡೋಸ್‌ನಿಂದಲೇ ದಾರಿಯಿದೆ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್‌ನಲ್ಲಿ ರೀಸ್ಟಾರ್ಟ್ ಕೊಡಿ. ಬರುವ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಶಟ್‌ಡೌನ್ ಆಜ್ಞೆಗೆ ಆರ್, ಎಫ್‌ಡಬ್ಲ್ಯು ಸ್ವಿಚ್‌ಗಳನ್ನೂ ಟಿ 0 ಎಂಬುದನ್ನೂ ಸೇರಿಸಿದರೆ ಇದೇ ಕೆಲಸ ಒಂದೇ ಸಾಲಿನಲ್ಲಿ ಆಗುತ್ತದೆ. ಸಿಸ್ಟಂಡಿ ಇರುವ ಲಿನಕ್ಸ್‌ನಲ್ಲಿ ಸಿಸ್ಟಂ‌ಸಿಟಿಎಲ್ ರೀಬೂಟ್ ಆಜ್ಞೆಗೆ ಫರ್ಮ್‌ವೇರ್-ಸೆಟಪ್ ಆಯ್ಕೆ ಸೇರಿಸಬೇಕು. ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂಬ ಗುಂಡಿಯೇ ಇಲ್ಲದಿದ್ದರೆ ಅದೂ ಒಂದು ಸುಳಿವು: ವಿಂಡೋಸ್ ಹಳೆಯ ಲೆಗಸಿ ವಿಧಾನದಲ್ಲಿ ಇನ್‌ಸ್ಟಾಲ್ ಆಗಿರಬಹುದು. ಸಿಸ್ಟಂ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಸಾಲು ನೋಡಿದರೆ ಖಚಿತವಾಗುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಮ್ಮೆ ಒಳಗೆ ಹೋದ ಮೇಲೆ ಈ ತೊಂದರೆ ಮರುಕಳಿಸದಂತೆ ಮಾಡಬಹುದು. ಪೋಸ್ಟ್ ಎಂದರೆ ಚಾಲೂ ಆದ ಕೂಡಲೇ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹಂತ. ಏಸಸ್ ಬೋರ್ಡ್‌ಗಳಲ್ಲಿ ಪೋಸ್ಟ್ ಡಿಲೇ ಟೈಮ್ ಎಂಬ ಸೆಟ್ಟಿಂಗ್ ಇದೆ, ಡೆಲ್‌ನಲ್ಲಿ ಎಕ್ಸ್‌ಟೆಂಡ್ ಬಯೋಸ್ ಪೋಸ್ಟ್ ಟೈಮ್ ಎಂಬ ಹೆಸರಿನಲ್ಲಿ 0, 5, 10 ಸೆಕೆಂಡುಗಳ ಆಯ್ಕೆ ಇದೆ. ಐದು ಸೆಕೆಂಡು ಹೆಚ್ಚಿಸಿದರೂ ಸಾಕು. ಫಾಸ್ಟ್ ಬೂಟ್ ಅನ್ನು ಡಿಸೇಬಲ್ ಮಾಡಿ. ಇದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಅಲ್ಲ. ಹೆಸರು ಹತ್ತಿರವಿರುವುದರಿಂದ ಬಹಳ ಮಂದಿ ಒಂದನ್ನು ತೆಗೆದು ಇನ್ನೊಂದು ಹೋಯಿತೆಂದು ತಿಳಿಯುತ್ತಾರೆ. ಬಯೋಸ್‌ನ ಫಾಸ್ಟ್ ಬೂಟ್ ಯುಎಸ್‌ಬಿ ಸಾಧನಗಳನ್ನು ಎಚ್ಚರಿಸುವ ಹಂತವನ್ನೇ ಬಿಟ್ಟು ಮುಂದೆ ಹೋಗಬಹುದು. ಅಲ್ಟ್ರಾ ಫಾಸ್ಟ್ ಇದ್ದರಂತೂ ವಿಂಡೋಸ್ ಬರುವವರೆಗೆ ಕೀಬೋರ್ಡ್ ಸತ್ತಂತೆ. ಅಲ್ಟ್ರಾ ಫಾಸ್ಟ್ ಇದ್ದು ವಿಂಡೋಸ್ ಕೂಡ ಬರುತ್ತಿಲ್ಲವಾದರೆ ಬೂಟ್ ಡಿಸ್ಕ್‌ಗಳನ್ನೆಲ್ಲ ಬಿಚ್ಚಿ ಚಾಲೂ ಮಾಡಿ ನೋಡಿ. ಬೂಟ್ ಮಾಡಲು ಏನೂ ಸಿಗದಾಗ ಅನೇಕ ಬೋರ್ಡ್‌ಗಳು ತಾವೇ ಸೆಟಪ್ ತೆರೆಯುತ್ತವೆ. ಅದೂ ಆಗದಿದ್ದರೆ ಸಿಮಾಸ್ ಕ್ಲಿಯರ್ ಮಾಡಬೇಕು, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಡೀಫಾಲ್ಟ್‌ಗೆ ತರಬೇಕು, ಅದರ ವಿಧಾನ ಕೆಳಗಿದೆ.

ಪರದೆ ಕಪ್ಪಾಗಿದೆ, ಯಂತ್ರ ಮಾತ್ರ ಓಡುತ್ತಿದೆ

ಎರಡು ಮಾನಿಟರ್ ಇದ್ದರೆ ಒಂದನ್ನು ಬಿಚ್ಚಿ. ವಿಂಡೋಸ್‌ನಲ್ಲಿ ನೀವು ಮುಖ್ಯವೆಂದು ಆರಿಸಿದ ಮಾನಿಟರ್ ಯಾವುದೆಂದು ಬಯೋಸ್‌ಗೆ ಗೊತ್ತಿಲ್ಲ, ಮೆನು ಆಫ್ ಮಾಡಿಟ್ಟ ಇನ್ನೊಂದರಲ್ಲಿ ತೆರೆದಿರಬಹುದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿನಲ್ಲಿರಲಿ. ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್‌ನಲ್ಲಿದ್ದರೆ ಅಲ್ಲಿಂದ ಏನೂ ಬರದಿರಬಹುದು. ಡಿಸ್‌ಪ್ಲೇಪೋರ್ಟ್‌ನಲ್ಲಿ ಬಯೋಸ್ ಕಾಣದೆ ವಿಂಡೋಸ್ ಮಾತ್ರ ಕಂಡರೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ.

ಕಾರ್ಡ್ ತೀರಾ ಹಳೆಯದಾದರೆ ಕಾರಣ ಬೇರೆ. ಯುಇಎಫ್‌ಐ ಪರದೆಗೆ ಚಿತ್ರ ಬರಲು ಕಾರ್ಡಿನ ರೋಮ್ ಚಿಪ್‌ನಲ್ಲಿ ಜಿಒಪಿ ಎಂಬ ಚಾಲಕ ಬೇಕು. ಅದಿಲ್ಲದ ಕಾರ್ಡಿಗೆ ಸಿಎಸ್‌ಎಂ ಎಂಬ ಹಳೆಯ ಹೊಂದಾಣಿಕೆ ಪದರವೇ ಆಸರೆ. ಸಿಎಸ್‌ಎಂ ಡಿಸೇಬಲ್ ಮಾಡಿದ ಕೂಡಲೇ ಪರದೆ ಕಪ್ಪಾದರೆ ದೋಷ ಇಲ್ಲೇ ಇದೆ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಬಿಚ್ಚಿ ಬೋರ್ಡಿನ ಪೋರ್ಟ್ ಬಳಸಿ ಒಳಗೆ ಹೋಗಿ.

ಡಿಡಿಆರ್5 ಮೆಮೊರಿ ಇರುವ ಯಂತ್ರದಲ್ಲಿ ಕಪ್ಪು ಪರದೆ ಎಂದರೆ ದೋಷವೇ ಆಗಬೇಕಿಲ್ಲ. ಹೊಸ ಮೆಮೊರಿ ಹಾಕಿದಾಗ, ಸಿಮಾಸ್ ಕ್ಲಿಯರ್ ಮಾಡಿದಾಗ, ಫರ್ಮ್‌ವೇರ್ ಅಪ್‌ಡೇಟ್ ಆದಾಗ ಯಂತ್ರ ಮೆಮೊರಿ ಟ್ರೈನಿಂಗ್ ಮಾಡುತ್ತದೆ. ಮೆಮೊರಿ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು, ಕೆಲವು ನಿಮಿಷಗಳೇ ಹಿಡಿಯಬಹುದು. ಬೋರ್ಡಿನ ಅಂಚಿನಲ್ಲಿ ಡಿರ್‍ಯಾಮ್ ಎಂದು ಬರೆದ ಪುಟ್ಟ ದೀಪ ಉರಿಯುತ್ತಿದ್ದರೆ ಹತ್ತು ನಿಮಿಷ ಸುಮ್ಮನೆ ಕಾಯಿರಿ. ನಡುವೆ ಪವರ್ ತೆಗೆದರೆ ಆ ಕೆಲಸ ಮತ್ತೆ ಮೊದಲಿನಿಂದ.

ಮೆನು ತೆರೆದಿದೆ, ಕೀಬೋರ್ಡ್ ಕೇಳುತ್ತಿಲ್ಲ

ಬ್ಲೂಟೂತ್ ಕೀಬೋರ್ಡ್ ಬಹುತೇಕ ಬಯೋಸ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಯುಎಸ್‌ಬಿ ರಿಸೀವರ್ ಇರುವ ವೈರ್‌ಲೆಸ್ ಕೀಬೋರ್ಡ್ ಸಾಮಾನ್ಯವಾಗಿ ಮಾಡುತ್ತದೆ. ಹಬ್, ಮಾನಿಟರ್‌ನ ಯುಎಸ್‌ಬಿ, ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಎಲ್ಲವನ್ನೂ ಬಿಟ್ಟು ಹಿಂದಿರುವ ಯುಎಸ್‌ಬಿ 2.0 ಪೋರ್ಟ್‌ಗೆ ನೇರ ಚುಚ್ಚಿ. ಫರ್ಮ್‌ವೇರ್ ಕೀಬೋರ್ಡಿನೊಂದಿಗೆ ಬೂಟ್ ಪ್ರೋಟೋಕಾಲ್ ಎಂಬ ಸರಳ ಭಾಷೆಯಲ್ಲಿ ಮಾತಾಡುತ್ತದೆ: 8 ಬೈಟ್‌ಗಳ ವರದಿ, ಅದರಲ್ಲಿ ಶಿಫ್ಟ್, ಕಂಟ್ರೋಲ್‌ನಂಥವಕ್ಕೆ ಒಂದು ಬೈಟ್, ಒಂದು ಖಾಲಿ, ಉಳಿದ ಆರರಲ್ಲಿ ಒತ್ತಿದ ಕೀಗಳು. ಎಲ್ಲ ಕೀಗಳನ್ನೂ ಒಟ್ಟಿಗೆ ಗುರುತಿಸುವ ಎನ್‌ಕೆಆರ್‌ಒ ಮೋಡ್‌ನಲ್ಲಿರುವ ಕೆಲವು ಗೇಮಿಂಗ್ ಕೀಬೋರ್ಡ್‌ಗಳು ಈ ಭಾಷೆಗೆ ಇಳಿಯುವುದಿಲ್ಲ. ಅವುಗಳಲ್ಲಿ 6ಕೆಆರ್‌ಒ ಅಥವಾ ಬಯೋಸ್ ಮೋಡ್‌ಗೆ ಬದಲಾಯಿಸುವ ಕೀ ಜೋಡಿ ಇದೆಯೇ ನೋಡಿ. ಯಾವುದಕ್ಕೂ ಒಂದು ಸಾದಾ ತಂತಿಯ ಕೀಬೋರ್ಡ್ ಕೈಗೆಟುಕುವಂತಿರಲಿ, ಈ ಕೆಲಸದಲ್ಲಿ ಅದಕ್ಕಿಂತ ಉಪಯುಕ್ತ ಉಪಕರಣ ಇನ್ನೊಂದಿಲ್ಲ.

ಕೀ ಕೆಲಸ ಮಾಡಿದರೂ ಮೆನುವಿನ ರೀತಿ ಗೊತ್ತಿಲ್ಲದೆ ತಪ್ಪಾಗುವುದುಂಟು. ಅಕ್ಷರಗಳಷ್ಟೇ ಇರುವ ಹಳೆಯ ಮಾದರಿಯ ಪರದೆಯಲ್ಲಿ ಎಡ-ಬಲ ಬಾಣಗಳು ಟ್ಯಾಬ್‌ನಿಂದ ಟ್ಯಾಬ್‌ಗೆ ಒಯ್ಯುತ್ತವೆ, ಮೇಲೆ-ಕೆಳಗೆ ಬಾಣಗಳು ಸಾಲಿನಿಂದ ಸಾಲಿಗೆ. ಎಡಗಡೆ ಪುಟ್ಟ ತ್ರಿಕೋನ ಇದ್ದರೆ ಆ ಸಾಲಿನೊಳಗೆ ಇನ್ನೊಂದು ಪುಟ ಇದೆ ಎಂದರ್ಥ. ಎಂಟರ್ ಒತ್ತಿ ಹೋಗಬೇಕು, ಎಸ್ಕೇಪ್ ಒತ್ತಿ ಬರಬೇಕು. ಬಲ ಅಂಚಿನಲ್ಲಿ ಸ್ಕ್ರಾಲ್ ಪಟ್ಟಿ ಇದ್ದರೆ ಆಯ್ಕೆಗಳು ಪರದೆಯ ಕೆಳಗೂ ಮುಂದುವರಿದಿವೆ. ಕಾಣೆಯಾದ ಆಯ್ಕೆ ಎಷ್ಟೋ ಸಲ ಅಲ್ಲೇ ಕೆಳಗೆ ಇರುತ್ತದೆ. ಪ್ಲಸ್, ಮೈನಸ್ ಕೀಗಳು ಸೆಟ್ಟಿಂಗ್‌ನ ಮೌಲ್ಯವನ್ನು ನೇರವಾಗಿ ಬದಲಾಯಿಸಿಬಿಡುತ್ತವೆ, ಕೇಳುವುದೂ ಇಲ್ಲ. ದಿನಾಂಕದ ಸಾಲು ಎಡವುವ ಇನ್ನೊಂದು ಜಾಗ: ತಿಂಗಳು ಮೊದಲು, ಆಮೇಲೆ ದಿನ, ಕೊನೆಗೆ ವರ್ಷ. 05/01 ಎಂದು ಕಂಡರೆ ಅದು ಮೇ 1. ಒಂದರಿಂದ ಇನ್ನೊಂದಕ್ಕೆ ಹೋಗಲು ಟ್ಯಾಬ್ ಕೀ ಒತ್ತಬೇಕು; ಬಾಣ ಒತ್ತಿದರೆ ಬೇರೆ ಸಾಲಿಗೋ ಬೇರೆ ಟ್ಯಾಬ್‌ಗೋ ಹೋಗಿಬಿಡುತ್ತೀರಿ.

ಭಾಷೆ ಕೈತಪ್ಪಿ ಬದಲಾಗಿ ಒಂದಕ್ಷರವೂ ಓದಲಾಗದ ಸ್ಥಿತಿ ಬಂದರೆ ಗಾಬರಿ ಬೇಡ. ಭಾಷೆ ಬದಲಾದರೂ ಎಫ್ ಕೀಗಳು ಬದಲಾಗುವುದಿಲ್ಲ. ಭಾಷೆಯ ಆಯ್ಕೆ ಸಾಮಾನ್ಯವಾಗಿ ಮೊದಲ ಟ್ಯಾಬ್‌ನಲ್ಲಿರುತ್ತದೆ, ಚಿತ್ರಗಳಿರುವ ಮೆನುವಿನಲ್ಲಿ ಮೇಲ್ಭಾಗದ ಗೋಳದ ಚಿಹ್ನೆಯ ಹತ್ತಿರ. ಆಯ್ಕೆಗಳ ಪಟ್ಟಿ ತೆರೆದರೆ ಇಂಗ್ಲಿಷ್ ಎಂಬುದು ಇಂಗ್ಲಿಷ್ ಅಕ್ಷರದಲ್ಲೇ ಬರೆದಿರುತ್ತದೆ.

ಆಯ್ಕೆ ಕಾಣುತ್ತಿಲ್ಲ, ಅಥವಾ ಮಸುಕಾಗಿದೆ

ನಿಜವಾದ ಪತ್ತೇದಾರಿಕೆ ಬೇಕಾದ ಜಾಗ ಇದು. ಯುಇಎಫ್‌ಐ ಸೆಟಪ್‌ನ ಪುಟಗಳನ್ನು ವಿಎಫ್‌ಆರ್ ಎಂಬ ಚಿಕ್ಕ ಭಾಷೆಯಲ್ಲಿ ಬರೆಯುತ್ತಾರೆ. ಅದರಲ್ಲಿ ಸಪ್ರೆಸ್‌ಇಫ್, ಗ್ರೇಔಟ್‌ಇಫ್ ಎಂಬ ಎರಡು ಪದಗಳಿವೆ. ಇಂಥ ಷರತ್ತು ನಿಜವಾದರೆ ಈ ಸಾಲನ್ನು ತೋರಿಸಲೇಬೇಡ ಎನ್ನುವುದು ಮೊದಲನೆಯದು. ತೋರಿಸು, ಮುಟ್ಟಲು ಬಿಡಬೇಡ ಎನ್ನುವುದು ಎರಡನೆಯದು. ಹಾಗಾಗಿ ಮಸುಕಾದ ಸಾಲಿಗೂ ಕಾಣೆಯಾದ ಸಾಲಿಗೂ ಪ್ರಶ್ನೆ ಒಂದೇ: ಯಾವ ಷರತ್ತು ಅದನ್ನು ಹಿಡಿದಿಟ್ಟಿದೆ? ಪರದೆ ಅದನ್ನು ಹೇಳದ ಕಾರಣ, ಸುಲಭದ್ದರಿಂದ ಶುರುಮಾಡಿ ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲು ಈಝಿ ಮೋಡ್‌ನಲ್ಲಿದ್ದೀರಾ ನೋಡಿ. ದೊಡ್ಡ ಚಿತ್ರ, ಫ್ಯಾನ್ ವೇಗ, ತಾಪಮಾನ ಕಾಣುವ ಮೊದಲ ಪುಟದಲ್ಲಿ ಎಲ್ಲ ಆಯ್ಕೆಗಳೂ ಇರುವುದಿಲ್ಲ. ಏಸಸ್, ಎಂಎಸ್‌ಐಗಳಲ್ಲಿ ಎಫ್7, ಗಿಗಾಬೈಟ್‌ನಲ್ಲಿ ಎಫ್2, ಆಸ್‌ರಾಕ್‌ನಲ್ಲಿ ಎಫ್6 ಒತ್ತಿದರೆ ಅಡ್ವಾನ್ಸ್‌ಡ್ ಮೋಡ್.

ಅದಾದ ಮೇಲೆ ಹೆಸರು. ಒಂದೇ ವಸ್ತುವಿಗೆ ಒಬ್ಬೊಬ್ಬ ತಯಾರಕ ಒಂದೊಂದು ಹೆಸರಿಟ್ಟಿರುವುದು ಈ ಮೆನುಗಳ ಅತಿ ದೊಡ್ಡ ಕೊರತೆ. ವರ್ಚುವಲ್ ಮಷಿನ್ ಓಡಿಸಲು ಬೇಕಾದ ಸೌಲಭ್ಯ ಇಂಟೆಲ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಲ್ಲಿ ಎಸ್‌ವಿಎಂ ಮೋಡ್. ಎಎಂಡಿ ಬೋರ್ಡಿನಲ್ಲಿ ವರ್ಚುವಲೈಸೇಶನ್ ಎಂಬ ಪದ ಹುಡುಕುತ್ತಾ ಹೋದರೆ ಸಿಗದು. ಅದಿರುವ ಜಾಗವೂ ಬೇರೆ ಬೇರೆ: ಏಸಸ್, ಆಸ್‌ರಾಕ್‌ಗಳಲ್ಲಿ ಅಡ್ವಾನ್ಸ್‌ಡ್ ಟ್ಯಾಬ್‌ನ ಸಿಪಿಯು ಕಾನ್ಫಿಗರೇಶನ್ ಒಳಗೆ, ಗಿಗಾಬೈಟ್‌ನಲ್ಲಿ ಟ್ವೀಕರ್ ಟ್ಯಾಬ್‌ನ ಅಡ್ವಾನ್ಸ್‌ಡ್ ಸಿಪಿಯು ಸೆಟ್ಟಿಂಗ್ಸ್ ಒಳಗೆ, ಎಂಎಸ್‌ಐಯಲ್ಲಿ ಓಸಿ ಪುಟದ ಸಿಪಿಯು ಫೀಚರ್ಸ್ ಒಳಗೆ. ವೇಗ ಹೆಚ್ಚಿಸುವುದಕ್ಕೆ ಮೀಸಲಾದ ಪುಟದಲ್ಲಿ ಇದನ್ನು ಯಾರು ತಾನೇ ಹುಡುಕುತ್ತಾರೆ? ಮೆಮೊರಿ ವೇಗದ ಪ್ರೊಫೈಲಿನ ಕತೆಯೂ ಹೀಗೇ: ಇಂಟೆಲ್‌ನ ಹೆಸರು ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5ಗೆ ಎಕ್ಸ್‌ಪೋ, ಏಸಸ್‌ನ ಎಎಂಡಿ ಬೋರ್ಡ್‌ಗಳಲ್ಲಿ ಡಿಒಸಿಪಿ, ಎಂಎಸ್‌ಐಯಲ್ಲಿ ಎ-ಎಕ್ಸ್‌ಎಂಪಿ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಮೆನುವಿನಲ್ಲಿ ಹುಡುಕುವ ಸೌಲಭ್ಯವಿದ್ದರೆ ಬಳಸಿ: ಹೊಸ ಏಸಸ್ ಬೋರ್ಡ್‌ಗಳಲ್ಲಿ ಎಫ್9, ಎಂಎಸ್‌ಐಯಲ್ಲಿ ಕಂಟ್ರೋಲ್ ಮತ್ತು ಎಫ್. ಪೂರ್ತಿ ಹೆಸರಿಗಿಂತ ಎಸ್‌ವಿಎಂನಂಥ ಚಿಕ್ಕ ತುಣುಕು ಹಾಕಿದರೆ ಬೇಗ ಸಿಗುತ್ತದೆ. ವರ್ಚುವಲೈಸೇಶನ್ ನಿಜಕ್ಕೂ ಚಾಲೂ ಆಯಿತೇ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಕ್ಲಿಕ್ ಮಾಡಿ ನೋಡಬಹುದು.

ಮೂರನೆಯದು ಪಾಸ್‌ವರ್ಡ್ ದರ್ಜೆ. ಯೂಸರ್ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದರೆ ಬಹುಪಾಲು ಸಾಲುಗಳು ಮಸುಕಾಗಿರುತ್ತವೆ, ಅಡ್ಮಿನ್ ಅಥವಾ ಸೂಪರ್‌ವೈಸರ್ ಪಾಸ್‌ವರ್ಡ್ ಬೇಕು. ಇದರ ತಿರುಗುಮುರುಗು ಕೂಡ ಉಂಟು: ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಡದಿದ್ದರೆ ಸೆಕ್ಯೂರ್ ಬೂಟ್ ಸಾಲು ಮಸುಕು. ಪಾಸ್‌ವರ್ಡ್ ಇಟ್ಟು, ಬೇಕಾದ್ದನ್ನು ಬದಲಾಯಿಸಿ, ಆಮೇಲೆ ಹೊಸ ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿ ಪಾಸ್‌ವರ್ಡ್ ತೆಗೆಯಬಹುದು. ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ ಮಾತ್ರ ಇರಲಿ. ಫರ್ಮ್‌ವೇರ್ ಸಾಮಾನ್ಯವಾಗಿ ಅಮೆರಿಕನ್ ಕೀಬೋರ್ಡ್ ವಿನ್ಯಾಸವನ್ನೇ ನಂಬಿರುವುದರಿಂದ ವಿಶೇಷ ಚಿಹ್ನೆಗಳು ಬೇರೆಯಾಗಿ ದಾಖಲಾಗಬಹುದು.

ನಾಲ್ಕನೆಯದು ಇನ್ನೊಂದು ಸೆಟ್ಟಿಂಗ್‌ನ ಹಿಡಿತ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಬಳಸಲು ಬಿಡುವ ರೀಸೈಜ್ ಬಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿಎಸ್‌ಎಂ ಚಾಲೂ ಇರುವಾಗ ಆ ಸಾಲು ಇರುವುದಿಲ್ಲ. ಸಿಎಸ್‌ಎಂ ಡಿಸೇಬಲ್ ಮಾಡಿ, ಅಬೌವ್ 4ಜಿ ಡೀಕೋಡಿಂಗ್ ಎನೇಬಲ್ ಮಾಡಿದ ಮೇಲೆ ಅದು ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಮ್ಮೆ ಸೇವ್ ಮಾಡಿ ಮತ್ತೆ ಒಳಗೆ ಬಂದರಷ್ಟೇ ಕಾಣುತ್ತದೆ, ಆದ್ದರಿಂದ ಒಂದು ಷರತ್ತು ಬಿಡಿಸಿದ ಮೇಲೆ ಅಲ್ಲೇ ಹುಡುಕುತ್ತಾ ಕೂರದೆ ಎಫ್10 ಒತ್ತಿ ಮರಳಿ ಬನ್ನಿ.

ಸೆಕ್ಯೂರ್ ಬೂಟ್‌ನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಇದೆ. ಎಎಂಐ ಎಂಬ ಕಂಪನಿಯ ಫರ್ಮ್‌ವೇರ್‌ನ ಪರದೆಯಲ್ಲಿ ಸೆಕ್ಯೂರ್ ಬೂಟ್ ಎದುರು ಎನೇಬಲ್ಡ್ ಎಂದಿರುತ್ತದೆ. ಅದರ ಕೆಳಗೇ ಸಣ್ಣದಾಗಿ ನಾಟ್ ಆಕ್ಟಿವ್ ಎಂದಿರುತ್ತದೆ. ಮೇಲಿನದು ನಿಮ್ಮ ಇಚ್ಛೆ, ಕೆಳಗಿನದು ನಿಜಸ್ಥಿತಿ. ಎರಡೂ ಹೊಂದದಿದ್ದರೆ ಅದೇ ಪುಟದ ಸಿಸ್ಟಂ ಮೋಡ್ ಸಾಲು ನೋಡಿ. ಸೆಟಪ್ ಎಂದಿದ್ದರೆ ಸಹಿ ಪರೀಕ್ಷಿಸಲು ಬೇಕಾದ ಸೆಕ್ಯೂರ್ ಬೂಟ್ ಕೀಗಳು ಅಲ್ಲಿಲ್ಲ. ರಿಸ್ಟೋರ್ ಫ್ಯಾಕ್ಟರಿ ಕೀಸ್ ಕೊಟ್ಟಾಗ ಅದು ಯೂಸರ್ ಆಗುತ್ತದೆ. ಆಮೇಲೆ ಸೇವ್ ಮಾಡಿ, ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಸೆಕ್ಯೂರ್ ಬೂಟ್ ಸ್ಟೇಟ್ ಆನ್ ಎಂದಿದೆಯೇ ನೋಡಿ. ಏಸಸ್ ಬೋರ್ಡ್‌ಗಳಲ್ಲಿ ಓಎಸ್ ಟೈಪ್ ಎಂಬ ಸಾಲು ಇದ್ದರೆ ಅದು ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿರಬೇಕು.

ಸಿಎಸ್‌ಎಂ ತೆಗೆಯುವ ಮುನ್ನ ಒಂದು ಎಚ್ಚರಿಕೆ. ವಿಂಡೋಸ್ ಲೆಗಸಿ ವಿಧಾನದಲ್ಲಿ, ಎಂಬಿಆರ್ ಎಂಬ ಹಳೆಯ ವಿಭಜನೆ ಮಾದರಿಯ ಡಿಸ್ಕ್ ಮೇಲೆ ಇನ್‌ಸ್ಟಾಲ್ ಆಗಿದ್ದರೆ ಸಿಎಸ್‌ಎಂ ತೆಗೆದ ಕ್ಷಣದಿಂದ ಅದು ಬೂಟ್ ಆಗುವುದಿಲ್ಲ. ವಿಂಡೋಸ್ 10ರ 1703 ಆವೃತ್ತಿಯಿಂದ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಾಯಿಸುವ ಎಂಬಿಆರ್2ಜಿಪಿಟಿ ಎಂಬ ಉಪಕರಣ ಜೊತೆಗೇ ಬರುತ್ತದೆ. ಡೇಟಾ ಬ್ಯಾಕಪ್ ಮಾಡಿ, ಮೊದಲು ವ್ಯಾಲಿಡೇಟ್ ಸ್ವಿಚ್ ಹಾಕಿ ಪರೀಕ್ಷಿಸಿ, ಆಮೇಲೆ ಕನ್ವರ್ಟ್ ಮಾಡಿ, ಕೊನೆಗೆ ಸಿಎಸ್‌ಎಂ ತೆಗೆಯಿರಿ. ಈ ಕ್ರಮ ತಪ್ಪಿಸಬೇಡಿ.

ಕೊನೆಯದಾಗಿ ಹಾರ್ಡ್‌ವೇರ್ ಮತ್ತು ಆವೃತ್ತಿ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಸೌಲಭ್ಯವಿಲ್ಲ, ಆದ್ದರಿಂದ ಆ ಸೆಟ್ಟಿಂಗ್‌ಗಳೂ ಇರುವುದಿಲ್ಲ. ಹೊಸ ಪ್ರೊಸೆಸರಿನ ಆಯ್ಕೆ ಹಳೆಯ ಫರ್ಮ್‌ವೇರ್‌ನಲ್ಲಿ ಇರದಿರಬಹುದು. ಲ್ಯಾಪ್‌ಟಾಪ್ ತಯಾರಕರು ಅನೇಕ ಸಾಲುಗಳನ್ನು ಶಾಶ್ವತವಾಗಿ ಅಡಗಿಸಿರುತ್ತಾರೆ. ಅವನ್ನು ಬಲವಂತವಾಗಿ ತೆರೆಯುವ ತಂತ್ರಾಂಶಗಳು ಸೆಟ್ಟಿಂಗ್‌ಗಳು ಉಳಿಯುವ ಎನ್‌ವಿರಾಮ್ ಎಂಬ ಮೆಮೊರಿಗೆ ನೇರವಾಗಿ ಬರೆಯುತ್ತವೆ. ಒಂದು ತಪ್ಪು ವಿಳಾಸಕ್ಕೆ ಬರೆದರೆ ಯಂತ್ರ ಮತ್ತೆ ಏಳದೆ ಹೋಗಬಹುದು. ಆ ದಾರಿ ಬೇಡ.

ಡಿಸ್ಕ್ ಕಾಣುತ್ತಿಲ್ಲ

ಸ್ಟೋರೇಜ್ ಅಥವಾ ಎನ್‌ವಿಎಂಇ ಪುಟದಲ್ಲಿ ಡಿಸ್ಕ್ ಇದೆ, ಬೂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ ಎಂದಾದರೆ ಡಿಸ್ಕ್ ಚೆನ್ನಾಗಿಯೇ ಇದೆ. ಯುಇಎಫ್‌ಐ ಪಟ್ಟಿಯಲ್ಲಿ ಅದು ಡಿಸ್ಕಿನ ಹೆಸರಿನಲ್ಲಿರದೆ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಹೆಸರಿನಲ್ಲಿರುತ್ತದೆ. ಎರಡು ಡಿಸ್ಕ್ ಇದ್ದರೆ ಇನ್ನೊಂದು ಗೊಂದಲ: ಕೆಲವು ಮೆನುಗಳು ಒಂದು ಬಗೆಯ ಸಾಧನಗಳಲ್ಲಿ ಮೊದಲನೆಯದನ್ನು ಮಾತ್ರ ಮುಖ್ಯ ಪಟ್ಟಿಯಲ್ಲಿ ತೋರಿಸಿ, ಉಳಿದವನ್ನು ಬಿಬಿಎಸ್ ಪ್ರಯಾರಿಟೀಸ್ ಎಂಬ ಒಳಪುಟದಲ್ಲಿ ಇಡುತ್ತವೆ. ಅಲ್ಲಿ ಮೇಲಕ್ಕೆ ತಂದರೆ ಮುಖ್ಯ ಪಟ್ಟಿಯಲ್ಲೂ ಅದು ಬರುತ್ತದೆ. ಸ್ಟೋರೇಜ್ ಪುಟದಲ್ಲೂ ಡಿಸ್ಕ್ ಇಲ್ಲದಿದ್ದರೆ ಬೋರ್ಡಿನ ಕೈಪಿಡಿ ತೆಗೆಯಿರಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಕೆಲವು ಸಾಟಾ ಪೋರ್ಟ್‌ಗಳು ನಿಲ್ಲುತ್ತವೆ.

ಬಯೋಸ್‌ನಲ್ಲಿ ಕಾಣುವ ಡಿಸ್ಕ್ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಕಾಣದಿದ್ದರೆ, 11ನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್‌ಗಳನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಇಂಟೆಲ್‌ನ ವಿಎಂಡಿ ಕಂಟ್ರೋಲರ್ ಕಾರಣವಿರಬಹುದು. ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಚಾಲಕವನ್ನು ಪೆನ್‌ಡ್ರೈವ್‌ನಿಂದ ಲೋಡ್ ಮಾಡಿ, ಇಲ್ಲವೇ ವಿಎಂಡಿ ಡಿಸೇಬಲ್ ಮಾಡಿ. ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲು ಅಡಗಿರುತ್ತದೆ. ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ವಿಂಡೋಸ್ ಆಗಲೇ ಇನ್‌ಸ್ಟಾಲ್ ಆಗಿರುವ ಯಂತ್ರದಲ್ಲಿ ಮಾತ್ರ ಇದನ್ನು ಹಾಗೇ ತಿರುಗಿಸಬೇಡಿ, ಇನ್ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬರುತ್ತದೆ. ಬಂದರೂ ಡೇಟಾ ಹೋಗಿಲ್ಲ, ಸೆಟ್ಟಿಂಗ್ ಮೊದಲಿನಂತೆ ಮಾಡಿದರೆ ವಿಂಡೋಸ್ ಮರಳುತ್ತದೆ.

ಬದಲಾಯಿಸಿದ್ದು ಉಳಿಯುತ್ತಿಲ್ಲ

ಎಫ್10 ಒತ್ತಿದಾಗ ಅನೇಕ ಬೋರ್ಡ್‌ಗಳು ಬದಲಾದ ಸಾಲುಗಳ ಪಟ್ಟಿ ತೋರಿಸುತ್ತವೆ: ಹಳೆಯದು, ಬಾಣ, ಹೊಸದು. ಯೆಸ್ ಒತ್ತುವ ಮುಂಚೆ ಇದನ್ನು ಓದುವುದು ಅತ್ಯುತ್ತಮ ಅಭ್ಯಾಸ. ನೀವು ಮಾಡಿದ ಬದಲಾವಣೆ ಪಟ್ಟಿಯಲ್ಲಿಲ್ಲದಿದ್ದರೆ, ಆಯ್ಕೆಯ ಪೆಟ್ಟಿಗೆಯಿಂದ ಎಂಟರ್ ಬದಲು ಎಸ್ಕೇಪ್ ಒತ್ತಿ ಹೊರಬಂದಿದ್ದೀರಿ. ನೀವು ಮುಟ್ಟದ ಸಾಲು ಅಲ್ಲಿದ್ದರೆ, ಪ್ಲಸ್ ಅಥವಾ ಮೈನಸ್ ಎಲ್ಲೋ ತಗುಲಿದೆ.

ಎಚ್‌ಪಿ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್‌ನಂಥ ಬದಲಾವಣೆ ಸೇವ್ ಮಾಡಿ ರೀಸ್ಟಾರ್ಟ್ ಆದಾಗ ನಾಲ್ಕು ಅಂಕಿಯ ಸಂಖ್ಯೆ ತೋರಿಸಿ, ಅದನ್ನು ಟೈಪ್ ಮಾಡಿ ಎಂಟರ್ ಒತ್ತಲು ಕೇಳುವ ಪರದೆ ಬರುತ್ತದೆ. ಅಂಕಿ ಹಾಕುವ ಪೆಟ್ಟಿಗೆ ಕಾಣದ ಕಾರಣ ಜನ ಸುಮ್ಮನೆ ನೋಡುತ್ತಾ ಕೂರುತ್ತಾರೆ ಅಥವಾ ಎಸ್ಕೇಪ್ ಒತ್ತುತ್ತಾರೆ, ಬದಲಾವಣೆ ರದ್ದಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೂ ಮೇಲಿನ ಸಾಲಿನ ಅಂಕಿಗಳಿಂದ ಟೈಪ್ ಮಾಡಿ.

ಗಡಿಯಾರವೂ ಹಿಂದೆ ಹೋಗುತ್ತಿದ್ದರೆ ಬ್ಯಾಟರಿ ನೋಡಿ. ಸಾಮಾನ್ಯವಾಗಿ ಸಿಆರ್2032: 20 ಮಿಮೀ ವ್ಯಾಸ, 3.2 ಮಿಮೀ ದಪ್ಪ, 3 ವೋಲ್ಟ್. ಮಲ್ಟಿಮೀಟರ್‌ನಲ್ಲಿ 2.8ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ಗಡಿಯಾರ ಸರಿಯಿದ್ದು ಸೆಟ್ಟಿಂಗ್ ಮಾತ್ರ ಹೋಗುತ್ತಿದ್ದರೆ ಬ್ಯಾಟರಿಯನ್ನು ದೂರಬೇಡಿ. 1984ರ ಐಬಿಎಂ ಪಿಸಿ ಎಟಿಯಲ್ಲಿ ಗಡಿಯಾರ, ಸೆಟ್ಟಿಂಗ್ ಎರಡೂ 64 ಬೈಟ್‌ಗಳ ಒಂದೇ ಚಿಪ್‌ನಲ್ಲಿ ಬ್ಯಾಟರಿಯನ್ನೇ ನಂಬಿದ್ದವು. ಇಂದಿನ ಯಂತ್ರಗಳಲ್ಲಿ ಬಹುಪಾಲು ಸೆಟ್ಟಿಂಗ್‌ಗಳು ಫ್ಲ್ಯಾಶ್ ಚಿಪ್‌ನಲ್ಲಿರುತ್ತವೆ, ಅದಕ್ಕೆ ಬ್ಯಾಟರಿ ಬೇಡ. ಹಾಗಿದ್ದಾಗ ಬೋರ್ಡ್ ತಾನೇ ಡೀಫಾಲ್ಟ್‌ಗೆ ಮರಳುತ್ತಿದೆಯೇ ನೋಡಿ: ಮೆಮೊರಿ ವೇಗ ತಾಳದೆ ಕೆಲವು ಬಾರಿ ಬೂಟ್ ವಿಫಲವಾದರೆ ಅದು ಹಾಗೆ ಮಾಡುತ್ತದೆ. ಕ್ಲಿಯರ್ ಸಿಮಾಸ್ ಜಂಪರ್ (ಬೋರ್ಡಿನ ಪಿನ್‌ಗಳನ್ನು ಜೋಡಿಸುವ ಪುಟ್ಟ ಟೋಪಿ) 2-3ರ ಸ್ಥಾನದಲ್ಲೇ ಉಳಿದಿದೆಯೇ ಎಂಬುದನ್ನೂ ನೋಡಿ. ವಿಂಡೋಸ್, ಲಿನಕ್ಸ್ ಎರಡೂ ಇರುವ ಯಂತ್ರದಲ್ಲಿ ಗಡಿಯಾರ ನಿಖರವಾಗಿ ಸಮಯವಲಯದ ವ್ಯತ್ಯಾಸದಷ್ಟೇ ತಪ್ಪಿದರೆ ಅದು ಎರಡು ವ್ಯವಸ್ಥೆಗಳು ಗಡಿಯಾರವನ್ನು ಬೇರೆ ರೀತಿ ಓದುವುದರಿಂದ. ಯಾವ ಭಾಗವೂ ಕೆಟ್ಟಿಲ್ಲ.

ಬದಲಾಯಿಸಿದ ಮೇಲೆ ಯಂತ್ರವೇ ಏಳುತ್ತಿಲ್ಲ

ಮೆಮೊರಿ ಟ್ರೈನಿಂಗ್‌ಗೆ ಹತ್ತು ನಿಮಿಷ ಕೊಟ್ಟ ಮೇಲೂ ಕಪ್ಪಾಗಿಯೇ ಇದ್ದರೆ ಸಿಮಾಸ್ ಕ್ಲಿಯರ್ ಮಾಡಿ. ಪವರ್ ಸಪ್ಲೈ ಆಫ್ ಮಾಡಿ, ತಂತಿಯನ್ನು ಗೋಡೆಯಿಂದ ಕೀಳಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ ಹರಿದುಹೋಗಲು ಬಿಡಿ. ಹಿಂದಿನ ಫಲಕದಲ್ಲಿ ಕ್ಲಿಯರ್ ಸಿಮಾಸ್ ಗುಂಡಿ ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಬೋರ್ಡಿನ ಮೇಲೆ ಏಸಸ್‌ನಲ್ಲಿ ಸಿಎಲ್‌ಆರ್‌ಟಿಸಿ, ಎಂಎಸ್‌ಐಯಲ್ಲಿ ಜೆಬ್ಯಾಟ್1 ಎಂದು ಬರೆದ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ 5ರಿಂದ 10 ಸೆಕೆಂಡ್ ಜೋಡಿಸಿ. ಅಕ್ಕಪಕ್ಕದ ಬೇರೆ ಪಿನ್‌ಗೆ ತುದಿ ತಗುಲದಂತೆ ನೋಡಿಕೊಳ್ಳಿ. ಮೂರು ಪಿನ್ ಇದ್ದರೆ ಜಂಪರ್ ಟೋಪಿಯನ್ನು 1-2ರಿಂದ 2-3ಕ್ಕೆ ಸರಿಸಿ, ಅಷ್ಟೇ ಹೊತ್ತು ಬಿಟ್ಟು, ಮತ್ತೆ 1-2ಕ್ಕೇ ತನ್ನಿ. ಚಾಲೂ ಮಾಡಿದ ಮೇಲೆ ಮೆನುವಿಗೆ ಹೋಗಿ ಸಿಎಸ್‌ಎಂ, ವಿಎಂಡಿ ಅಥವಾ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವಿಧಾನ), ಬೂಟ್ ಕ್ರಮ ಈ ಮೂರನ್ನು ಮೊದಲು ತೆಗೆದ ಚಿತ್ರದೊಂದಿಗೆ ಹೋಲಿಸಿ ಸರಿಪಡಿಸಿ. ಇವು ಡೀಫಾಲ್ಟ್‌ಗೆ ಮರಳಿದ್ದರಿಂದಲೇ ವಿಂಡೋಸ್ ಬರದಿರುವ ಪ್ರಸಂಗ ಬಹಳ.

ಮರೆತ ಪಾಸ್‌ವರ್ಡ್‌ಗೆ ಈ ವಿಧಾನ ನಂಬಬೇಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಯಾಟರಿ ತೆಗೆದರೆ ಪಾಸ್‌ವರ್ಡ್ ಅಳಿಯುತ್ತಿತ್ತು; ಇಂದಿನ ಲ್ಯಾಪ್‌ಟಾಪ್‌ಗಳು ಅದನ್ನು ಬ್ಯಾಟರಿಯ ಹಂಗಿಲ್ಲದ ಚಿಪ್‌ನಲ್ಲಿ ಇಡುತ್ತವೆ. ಬ್ಯಾಟರಿ ಬಿಚ್ಚುವ ಭರದಲ್ಲಿ ತೆಳುವಾದ ರಿಬ್ಬನ್ ಕೇಬಲ್ ಹರಿದರೆ ಒಂದು ತೊಂದರೆ ಎರಡಾಗುತ್ತದೆ. ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಪರದೆಯಲ್ಲಿ ಬಂದ ದೋಷ ಸಂದೇಶದ ಫೋಟೋ ಮತ್ತು ಯಂತ್ರ ನಿಮ್ಮದೆಂದು ತೋರಿಸುವ ರಸೀದಿ ಹಿಡಿದು ತಯಾರಕರ ಸೇವಾ ಕೇಂದ್ರಕ್ಕೇ ಹೋಗಿ.